ಟಚಿಂಗ್ ಮಾಡದ ಫೋಟೋಗಳು

ಮಾರ್ಚ್ 4

ಚೋಟುಗೆ,

ನೀನು ನನಗಿಂತ ಒಂದು ಗೇಣು ಎತ್ತರವಾಗಿ ಹತ್ತು ವರ್ಷವಾಯಿತು, ಆದರೂ ಕೈ ಹಳೆಯ ಹೆಸರನ್ನೇ ಬರೆಯುತ್ತದೆ. ಭಾನುವಾರ ಫೋನಿನಲ್ಲಿ ನೀನು ಬಹಳ ಹೊತ್ತು ಏನೋ ಹೇಳಿದೆ. ನನ್ನ ಬಲಗಿವಿ ಅಂಗಡಿ ಮುಚ್ಚಿ ಬಹಳ ದಿನವಾಯಿತು, ಎಡಗಿವಿ ಅರ್ಧ ಬಾಗಿಲು ಎಳೆದುಕೊಂಡಿದೆ. ನಾನು "ಹೂಂ, ಹೂಂ" ಎಂದದ್ದು ಬರೀ ಮರ್ಯಾದೆಗೆ. ಆಮೇಲೆ ನಿನ್ನ ಅಮ್ಮನನ್ನು ಕೇಳಿದರೆ, "ಅವಳು ನಿಮ್ಮನ್ನ ಬೈದಳು, ನೀವು ಹೂಂ ಅಂದ್ರಿ" ಎಂದಳು. ಅದಕ್ಕೇ ಈ ಕಾಗದ. ಇನ್ನು ಮುಂದೆ ಬೈಯುವುದಿದ್ದರೆ ಬರೆದೇ ಬೈ. ಬೇಕಾದಾಗ ತೆಗೆದು ಎರಡು ಸಲ ಬೈಸಿಕೊಳ್ಳಬಹುದು.

ಅಮ್ಮನ ಹೊಟ್ಟೆಯ ಹಳೆಯ ತೊಂದರೆ ಮತ್ತೆ ತಲೆ ಎತ್ತಿದೆ. ಡಾಕ್ಟರು ಪರೀಕ್ಷೆಗಳನ್ನು ಬರೆದುಕೊಟ್ಟಿದ್ದಾರೆ. ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿದ್ದೇನೆ, ಬೀದಿ ಕಾಣಲಿ ಎಂದು. ನಿನಗೆ ತಿಳಿಸು ಎಂದವಳೂ ಅವಳೇ, "ಬಾ ಅಂತ ಮಾತ್ರ ಬರೀಬೇಡಿ" ಎಂದವಳೂ ಅವಳೇ. ಎರಡು ವರ್ಷದ ಹಿಂದೆ ಆಪರೇಷನ್ ಎಂದು ನೀನು ಕೆಲಸ ಬಿಟ್ಟು ಬಂದು ಎಂಟು ತಿಂಗಳು ಮನೆಯಲ್ಲಿ ಕೂತೆಯಲ್ಲ, ಆ ಎಂಟು ತಿಂಗಳನ್ನು ತಾನೇ ನಿನ್ನ ಕೈಯಿಂದ ಕಿತ್ತುಕೊಂಡೆ ಎಂದು ಈಗಲೂ ಕೊರಗುತ್ತಾಳೆ.

ಫೋಟೋ ಕಳಿಸಿ ಎಂದೆಯಂತೆ. ತೆಗೆದೆ. ಫ್ಲ್ಯಾಶ್ ಹೊಡೆದ ಕೂಡಲೇ ಎಂದಿನಂತೆ ಕಣ್ಣು ಮುಚ್ಚಿದಳು. ಮೂವತ್ತನಾಲ್ಕು ವರ್ಷ ಊರಿನ ಮುಖಗಳನ್ನೆಲ್ಲ ತೆಗೆದವನ ಹೆಂಡತಿಗೆ ಕಣ್ಣು ಬಿಟ್ಟ ಒಂದು ಫೋಟೋ ಇಲ್ಲ. ಮೊದಲಾದರೆ ನಗುತ್ತಿದ್ದೆವು. ಈಗ ಫ್ಲ್ಯಾಶಿಗೆ ಅವಳ ಮೈಯೇ ಬೆಚ್ಚುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ಒಂದಕ್ಕೇ ನಿಲ್ಲಿಸಿದೆ.

ನಿನ್ನ ಅಪ್ಪ

*

ಮಾರ್ಚ್ 15

ಅಪ್ಪಾ,

ಪಾರ್ಸೆಲ್ ಒಂದು ಬರುತ್ತದೆ. ಒಳಗೆ ಎರಡು ಸಾಫ್ಟ್‌ಬಾಕ್ಸ್ ಇವೆ. ಬಲ್ಬು, ಸ್ಟ್ಯಾಂಡು, ಮಡಚುವ ಕರಿಬಟ್ಟೆಯ ಡಬ್ಬ, ಮುಂದೆ ಕಟ್ಟುವ ಬಿಳಿ ಬಟ್ಟೆ, ಎಲ್ಲ ಸೇರಿಸಿ ನಿಮ್ಮ ಒಂದು ಫ್ಲ್ಯಾಶಿನ ಕಾಲುಭಾಗ ಬೆಲೆ. ಅಗ್ಗದ್ದು ಎಂದು ಮೂಗು ಮುರಿಯಬೇಡಿ. ಇಲ್ಲಿ ಕ್ಯಾಟಲಾಗಿಗೆ ಚಪ್ಪಲಿ, ಕುಕ್ಕರು, ದಿಂಬು ಎಲ್ಲವನ್ನೂ ನಾವು ಇಂಥದ್ದರಲ್ಲೇ ತೆಗೆಯುವುದು. ಇದು ಹೊಡೆಯುವ ಬೆಳಕಲ್ಲ, ಹಚ್ಚಿದರೆ ಹಚ್ಚಿದ ಹಾಗೇ ಇರುತ್ತದೆ. ಅಮ್ಮ ಬೆಚ್ಚುವುದಿಲ್ಲ. ನಿಮಗೂ ಬಟನ್ ಒತ್ತುವ ಮೊದಲೇ ನೆರಳು ಎಲ್ಲಿ ಬೀಳುತ್ತದೆ ಎಂದು ಕಾಣುತ್ತದೆ.

ಒಂದನ್ನು ಮುಖದ ಎಡಕ್ಕೆ ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಮೇಲೆ ಇಡಿ. ಇನ್ನೊಂದು ಬಲಕ್ಕೆ, ಅದಕ್ಕಿಂತ ದೂರ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮುಖ ಹಸಿರಾಗುತ್ತದೆ. ಬೆಳಕು ಫ್ಲ್ಯಾಶಿನಷ್ಟು ಜೋರಿಲ್ಲ, ಆದ್ದರಿಂದ ಕ್ಯಾಮೆರಾ ಕೈಯಲ್ಲಿ ಹಿಡಿಯಬೇಡಿ, ಮುಕ್ಕಾಲಿಯ ಮೇಲಿಡಿ.

ಈಗ ನನ್ನ ಷರತ್ತು. ಅಕ್ಟೋಬರ್ ಕೊನೆಗೆ ನನ್ನ ಒಂದು ವರ್ಷದ ಪ್ರೊಬೇಷನ್ ಮುಗಿಯುತ್ತದೆ. ಒಟ್ಟಿಗೆ ಮೂರು ದಿನಕ್ಕಿಂತ ಹೆಚ್ಚು ರಜೆ ಹಾಕಿದರೆ ಮತ್ತೆ ಒಂದರಿಂದ ಎಣಿಸುತ್ತಾರೆ. ಅಮ್ಮನನ್ನು ಕೇಳಿದರೆ "ಚೆನ್ನಾಗಿದೀನಿ" ಎನ್ನುತ್ತಾಳೆ. ವೀಡಿಯೋದಲ್ಲಿ ಬಾ ಎಂದರೆ ಮೂಗು ಬದನೆಕಾಯಿ ಥರ ಕಾಣುತ್ತೆ ಎಂದು ಫೋನ್ ಮಗುಚಿಡುತ್ತಾಳೆ. ಆದ್ದರಿಂದ ಎರಡು ತಿಂಗಳಿಗೊಂದು ಫೋಟೋ, ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಟಚಿಂಗ್ ಮಾಡಕೂಡದು. ಫೋಟೋ ನೋಡಿ, ಬರಬೇಕೋ ಬೇಡವೋ ನಾನೇ ತೀರ್ಮಾನ ಮಾಡುತ್ತೇನೆ. ಬಾ ಎಂದು ನೀವು ಹೇಳುವ ಕಷ್ಟವೂ ಇಲ್ಲ, ಬೇಡ ಎಂದು ಅವಳು ಹೇಳುವ ಕಷ್ಟವೂ ಇಲ್ಲ.

ಟಚಿಂಗ್ ಮಾಡಿದರೆ ನನಗೆ ಗೊತ್ತಾಗುತ್ತದೆ. ಊರಿನವರ ಸಿಡುಬಿನ ಕಲೆ, ಕಣ್ಣ ಕೆಳಗಿನ ಚೀಲ ಎಲ್ಲವನ್ನೂ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಅಳಿಸುತ್ತಿದ್ದ ಅಮ್ಮನ ಪಕ್ಕ ಕೂತು ಬೆಳೆದವಳು ನಾನು. "ಚರ್ಮದ ಕಣ ಎಲ್ಲಿ ನುಣ್ಣಗಾಗಿದೆ ನೋಡು, ಅಲ್ಲಿ ಕೈ ಆಡಿದೆ" ಎಂದು ಕಲಿಸಿದವಳೇ ಅವಳು.

ಚೋಟು

*

ಏಪ್ರಿಲ್ 2

ಚೋಟುಗೆ,

ನಿನ್ನ ಬಟ್ಟೆ ಹೊದಿಸಿದ ಬಲ್ಬುಗಳು ತಲುಪಿದವು. ಡಬ್ಬಕ್ಕೆ ನಾಲ್ಕು ಕಡ್ಡಿ. ಮೂರು ಸಿಕ್ಕಿಸಿ ನಾಲ್ಕನೆಯದನ್ನು ಬಗ್ಗಿಸುವಾಗ ಮೊದಲನೆಯದು ಹಾರಿ ಬಂದು ನನ್ನ ಕನ್ನಡಕಕ್ಕೆ ಬಡಿಯಿತು. ಅಮ್ಮ ದಿಂಬಿಗೆ ಒರಗಿಕೊಂಡು ನೋಡುತ್ತಿದ್ದಳು.

"ರೀ, ಅದು ಛತ್ರಿ ಥರ. ಒತ್ತಿ ಹಿಡ್ಕೊಂಡು ಬಗ್ಗಿಸ್ಬೇಕು."

"ನನಗೆ ಕಲಿಸ್ಬೇಡ. ಕ್ಯಾಮೆರಾ ಹಿಡಿದು ಮೂವತ್ತನಾಲ್ಕು ವರ್ಷ ಆಯ್ತು."

"ಛತ್ರಿ ಹಿಡಿದು ಎಷ್ಟಾಯ್ತು?"

ಕೊನೆಗೆ ಅವಳೇ ಮಂಚದ ಮೇಲೆ ಕೂತು, ಮಂಡಿಯ ನಡುವೆ ಇಟ್ಟುಕೊಂಡು ಎರಡನ್ನೂ ಕಟ್ಟಿಕೊಟ್ಟಳು. ಸ್ಟ್ಯಾಂಡು ಮಹಾ ಹಗುರ, ಫ್ಯಾನ್ ಹಾಕಿದರೆ ತೂರಾಡುತ್ತದೆ. ಕಾಲಿಗೆ ಇಟ್ಟಿಗೆ ತುಂಬಿದ ಚೀಲ ಕಟ್ಟಿದ್ದೇನೆ. ಸ್ಟ್ಯಾಂಡಿನ ಕಾಲು ಎಲ್ಲಿತ್ತೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಾರೀಕು ಬರೆದಿದ್ದೇನೆ. ಮುಂದಿನ ಸಲ ಹುಡುಕುವುದು ಬೇಡ.

ದೀಪ ಹಚ್ಚಿ ಹತ್ತು ನಿಮಿಷ ಸುಮ್ಮನೆ ಕೂತೆವು. ಅದು ನನಗೆ ಹೊಸದು. ನನ್ನ ಕಸುಬಿನಲ್ಲಿ ಮುಖ ಕಾಣುತ್ತಿದ್ದುದು ಫಳಕ್ ಎನ್ನುವಷ್ಟು ಹೊತ್ತು ಮಾತ್ರ, ಆ ಹೊತ್ತಿಗೂ ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದು ನನಗೆ ಕತ್ತಲೆ. ಲಕ್ಷಗಟ್ಟಲೆ ಮುಖ ತೆಗೆದವನು ಒಂದನ್ನೂ ಬೆಳಕಿನಲ್ಲಿ ಕೂತು ನೋಡಿರಲಿಲ್ಲ. "ಏನ್ ಹಾಗೆ ನೋಡ್ತೀರಿ, ಸಾಲದವರ ಥರ" ಎಂದಳು ನಿನ್ನ ಅಮ್ಮ. ಅಷ್ಟರಲ್ಲಿ ಒತ್ತಿದೆ.

ಪ್ರಿಂಟ್ ಇದರ ಜೊತೆಗಿದೆ. ಕಣ್ಣು ಬಿಟ್ಟಿದ್ದಾಳೆ. ಸ್ವಲ್ಪ ಇಳಿದಿದ್ದಾಳೆ ಎಂದು ನಿನಗೆ ಕಾಣಬಹುದು, ಇಳಿದಿದ್ದಾಳೆ ನಿಜ. ನಾನು ಒಂದು ಚುಕ್ಕೆಯನ್ನೂ ಮುಟ್ಟಿಲ್ಲ.

ಅಪ್ಪ

*

ಏಪ್ರಿಲ್ 14

ಅಪ್ಪಾ,

ಅಮ್ಮನಿಗೆ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು ಎಂದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು ನನಗೆ. ಮನೆಯಲ್ಲಿದ್ದಾಗ ನಾನೂ ಕೂತು ನೋಡಿದವಳಲ್ಲ.

ಭೂತಗನ್ನಡಿ ಹಿಡಿದು ನೋಡಿದೆ, ಟಚಿಂಗ್ ಇಲ್ಲ. ಕೆನ್ನೆ ಇಳಿದಿದೆ, ಆದರೆ ಹೆದರುವಷ್ಟಿಲ್ಲ. ಪರೀಕ್ಷೆಗಳ ಫಲಿತಾಂಶ ಬಂದ ಕೂಡಲೇ ಬರೆಯಿರಿ. ಇಲ್ಲಿ ನನ್ನ ಮೇಲಿನವನು ಒಳ್ಳೆಯವನೇ, ರಜೆಯ ಮಾತು ಬಂದರೆ ಮಾತ್ರ ನಿಮ್ಮ ಕಿವಿಯೇ ಅವನಿಗೂ.

ಮುಂದಿನ ಸಲ ಎಡಗಡೆಯದನ್ನು ಇನ್ನಷ್ಟು ಹತ್ತಿರ ತನ್ನಿ. ಡಬ್ಬ ಹತ್ತಿರ ಬಂದಷ್ಟೂ ಬೆಳಕು ಮೆತ್ತಗಾಗುತ್ತದೆ, ದೂರ ಹೋದಷ್ಟೂ ಗೆರೆ ಎದ್ದು ಕಾಣುತ್ತದೆ. ನೆರಳು ಇನ್ನೂ ಗಟ್ಟಿ ಅನ್ನಿಸಿದರೆ ಮಡಿಲ ಮೇಲೆ ಒಂದು ಬಿಳಿ ದುಪ್ಪಟಿ ಹರಡಿ, ಕೆಳಗಿನಿಂದಲೂ ಬೆಳಕು ಪುಟಿಯುತ್ತದೆ.

ಚೋಟು

*

ಜೂನ್ 20
(ಅಂಚೆಗೆ ಹಾಕಿದ್ದಲ್ಲ)

ಚೋಟು,

ಬಾ.

ಮೊದಲೇ ಬರೆದುಬಿಟ್ಟೆ, ಆಮೇಲೆ ಧೈರ್ಯ ಸಾಲುತ್ತದೋ ಇಲ್ಲವೋ. ಅಮ್ಮ ಮಧ್ಯಾಹ್ನದ ಮಾತ್ರೆ ನುಂಗಿ ಮಲಗಿದ್ದಾಳೆ. ಕಾಗದ ಯಾವುದಿದ್ದರೂ ಕವರಿಗೆ ಹಾಕುವ ಮೊದಲು ಅವಳಿಗೆ ಓದಿ ಹೇಳಬೇಕು ಎಂದು ನಿಯಮ ಮಾಡಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಿ ಅಂಚೆಪೆಟ್ಟಿಗೆಗೆ ಹಾಕಿ ಬರಬೇಕು.

ಪರೀಕ್ಷೆಯ ಫಲಿತಾಂಶ ಮೇ ತಿಂಗಳಲ್ಲೇ ಬಂತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ನನ್ನ ಕಿವಿಗೋಸ್ಕರ ಜೋರಾಗಿ ಹೇಳಿದರು, ಒಳಗಿದ್ದ ಅವಳಿಗೂ ಕೇಳಿಸಿತು. ವರ್ಷದ ಮಾತು ಆಡಲಿಲ್ಲ ಅವರು, ತಿಂಗಳ ಮಾತು ಆಡಿದರು. ಮನೆಗೆ ಬರುವಾಗ ಅವಳು ಆಟೋದಲ್ಲಿ ಬೆರಳು ಮಡಚಿ ಎಣಿಸಿದಳು. "ಅಕ್ಟೋಬರ್ ದಾಟಿದ್ರೆ ಸಾಕು. ಅವಳ ಕೆಲ್ಸ ಪಕ್ಕಾ ಆಗಿರುತ್ತೆ."

ನಾನು ಹೇಳಿದೆ, ಫೋಟೋ ಕಳಿಸಲೇಬೇಕಲ್ಲ, ಅವಳ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ ಎಂದು. ಟಚಿಂಗ್ ಮಾಡಿದರೆ ಹಿಡಿದುಬಿಡುತ್ತಾಳೆ.

ಅಮ್ಮ ಎಂದಳು, "ಟಚಿಂಗ್ ಯಾಕ್ರೀ? ಬೆಳಕಲ್ಲೇ ತಿದ್ದಿ."

ಹೇಗೆ ತಿದ್ದಬೇಕೆಂದು ನೀನೇ ಬರೆದು ಕಳಿಸಿದ್ದೆ. ನಿನ್ನೆ ಎರಡೂ ಡಬ್ಬವನ್ನು ಅವಳ ಮುಖಕ್ಕೆ ಒಂದೊಂದು ಮೊಳದಷ್ಟು ಹತ್ತಿರ ತಂದೆ. ಮಡಿಲ ಮೇಲೆ ದುಪ್ಪಟಿ ಹರಡಿದೆ. ಕೆನ್ನೆಯ ಹಳ್ಳ ತುಂಬಿತು. ಕಣ್ಣ ಕೆಳಗಿನ ಕಪ್ಪು ಹೋಯಿತು. ಕುತ್ತಿಗೆಯ ಎರಡು ನರ ಹೋದವು. ಅವಳು ಕೈಗನ್ನಡಿ ಹಿಡಿದುಕೊಂಡು, "ಬಲಗಡೆದು ಇನ್ನೊಂದು ಚೂರು ಮುಂದೆ... ಹಾಂ, ಸಾಕು" ಎಂದು ಹೇಳುತ್ತಾ ಹೋದಳು, ಪೆನ್ಸಿಲ್ ಹಿಡಿದ ಕಾಲದ ಹಾಗೆಯೇ. ಹಚ್ಚಿದ್ದಷ್ಟು ಹೊತ್ತು ಅಲ್ಲಿ ಹಳೆಯ ಹೆಂಗಸು ಕೂತಿದ್ದಳು. ನಾನೇ ಒಂದು ಕ್ಷಣ ನಂಬಿದೆ ಮಗಳೇ. ಸ್ವಿಚ್ ಆರಿಸಿದೆ, ಮಂಚದ ಮೇಲೆ ಬೇರೆ ಯಾರೋ.

ಒಂದು ಚುಕ್ಕೆಯನ್ನೂ ಮುಟ್ಟಿಲ್ಲ ಎಂದು ಈ ಸಲವೂ ಬರೆಯುತ್ತೇನೆ. ಬರೆದದ್ದು ನಿಜವೇ ಆಗಿರುತ್ತದೆ.

ಎದ್ದಳು. ಕರೆಯುತ್ತಿದ್ದಾಳೆ.

*

ಜೂನ್ 20

ಚೋಟುಗೆ,

ಎರಡನೆಯ ಫೋಟೋ ಇದೆ, ನೋಡು. ನೀನು ಹೇಳಿದ ಹಾಗೆ ಡಬ್ಬ ಹತ್ತಿರ ತಂದೆ, ಮಡಿಲಿಗೆ ಬಿಳಿ ದುಪ್ಪಟಿ ಹಾಕಿದೆ. ಒಳ್ಳೆಯ ಸಾಮಾನು ಕಳಿಸಿದ್ದೀಯ, ಫ್ಲ್ಯಾಶನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದೇನೆ. ಪರೀಕ್ಷೆಯಲ್ಲಿ ಹೊಸದೇನೂ ಇಲ್ಲ, ಮಾತ್ರೆ ಬದಲಿಸಿದ್ದಾರೆ, ತಿನ್ನುವುದು ಸ್ವಲ್ಪ ಸ್ವಲ್ಪ. ಫೋಟೋದಲ್ಲಿ ಒಂದು ಚುಕ್ಕೆಯನ್ನೂ ಮುಟ್ಟಿಲ್ಲ.

ಅಮ್ಮ ಹೇಳಿದ್ದು: ಅಲ್ಲಿ ಕುಕ್ಕರ್ ಫೋಟೋ ತೆಗೆಯುವವಳು ಇಲ್ಲಿ ಬಂದರೆ ಕುಕ್ಕರ್ ಇಡುವುದಕ್ಕೂ ಬರುತ್ತದೆಯೇ ಎಂದು ಕೇಳಬೇಕಂತೆ.

ಅಪ್ಪ

*

ಜುಲೈ 5

ಅಪ್ಪಾ,

ಫೋಟೋ ಬಂದ ದಿನ ಊಟದ ಬಿಡುವಿನಲ್ಲಿ ಗೋದಾಮಿನ ಹಿಂದೆ ನಿಂತು ಅತ್ತೆ. ಸಮಾಧಾನಕ್ಕೆ. ಮೈ ಬಂದಿದೆ ಅವಳಿಗೆ. ಭೂತಗನ್ನಡಿ ಹಿಡಿದೆ, ಚರ್ಮದ ಕಣ ಕಣವೂ ಇದೆ, ಎಲ್ಲೂ ನುಣ್ಣಗಿಲ್ಲ. ಇಷ್ಟು ಒಳ್ಳೆಯ ಲೈಟಿಂಗ್ ನಮ್ಮಲ್ಲಿ ಆರು ವರ್ಷ ಅನುಭವ ಇರುವವರೂ ಮಾಡುವುದಿಲ್ಲ.

ಟಿಕೆಟ್ ಮಾಡಿಸಿಟ್ಟಿದ್ದೆ. ರದ್ದು ಮಾಡಿದೆ. ನವೆಂಬರ್ ಒಂದಕ್ಕೆ ಹದಿನೈದು ದಿನ ರಜೆಗೆ ಈಗಲೇ ಬರೆದುಕೊಟ್ಟಿದ್ದೇನೆ. ಕುಕ್ಕರ್ ಇಡಲು ಬರುತ್ತದೆ ಎಂದು ಹೇಳಿ, ಇಳಿಸಲು ಅವಳೇ ಬೇಕು.

ಮುಂದಿನದು ಬರೀ ಮುಖ ಬೇಡ, ಸೊಂಟದವರೆಗೆ ತೆಗೆಯಿರಿ.

ಚೋಟು

*

ಆಗಸ್ಟ್ 18

ಚೋಟುಗೆ,

ಸೊಂಟದವರೆಗೆ ಕೇಳಿದ್ದೆ, ತೆಗೆದಿದ್ದೇನೆ. ಕುರ್ಚಿಯ ಮೇಲೆ ಕೂತಿದ್ದಾಳೆ. ಹಿಂದೆ ದಿಂಬು ಕೊಟ್ಟಿದ್ದೇನೆ, ಕುರ್ಚಿ ಗಟ್ಟಿ ಎನ್ನುತ್ತಾಳೆ. ಸ್ವೆಟರ್ ಹಾಕಿಕೊಂಡದ್ದು ಅವಳ ಇಷ್ಟ. ನಾಲ್ಕೇ ಸಲ ಒತ್ತಿದೆ, ನಾಲ್ಕರಲ್ಲಿ ಇದನ್ನು ಆರಿಸಿದವಳೂ ಅವಳೇ. ಭಾನುವಾರ ಫೋನಿನಲ್ಲಿ ಸ್ವಲ್ಪ ಕಡಿಮೆ ಮಾತಾಡಿದರೆ ಬೇಜಾರಾಗಬೇಡ, ಬಾಯಿ ಒಣಗುತ್ತದೆ ಆ ಮಾತ್ರೆಗೆ.

ಒಂದು ಚುಕ್ಕೆಯನ್ನೂ ಮುಟ್ಟಿಲ್ಲ.

ಅಪ್ಪ

*

ಸೆಪ್ಟೆಂಬರ್ 3

ಅಪ್ಪಾ,

ಫೋಟೋ ತಲುಪಿತು. ಅಮ್ಮ ಚೆನ್ನಾಗಿದ್ದಾಳೆ. ಫ್ರೇಮ್ ಹಾಕಿಸಿ ಕೆಲಸದ ಮೇಜಿನ ಮೇಲೆ ಇಟ್ಟಿದ್ದೇನೆ. ಇಲ್ಲಿ ಚಳಿಗಾಲದ ಕ್ಯಾಟಲಾಗ್, ದಿನಕ್ಕೆ ಎಂಬತ್ತು ಕೋಟು. ಹೆಚ್ಚು ಬರೆಯಲು ಆಗುತ್ತಿಲ್ಲ.

ಚೋಟು

*

ನವೆಂಬರ್ 6

ಅಪ್ಪಾ,

ಅಮ್ಮ ಹೋಗಿ ಇಪ್ಪತ್ತೆಂಟು ದಿನ. ಮೂರು ದಿನದ ರಜೆಯಲ್ಲಿ ಬಂದು ಮೂರನೆಯ ದಿನವೇ ಹೊರಟೆ. ಕೆಲಸ ಖಾಯಂ ಆಯಿತು. ಪತ್ರ ಕೊಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನವೆಂಬರಿನ ಹದಿನೈದು ದಿನದ ರಜೆ ರದ್ದು ಮಾಡಿಸಿದೆ.

ಬಂದ ದಿನ ಬಾಗಿಲಲ್ಲಿ ಮಲಗಿಸಿದ್ದ ಅವಳನ್ನು ನೋಡಿ, ಇದು ಯಾರು ಎಂದು ಕೇಳಿಬಿಟ್ಟೆ. ಆಮೇಲೆ ನೆಲದ ಮೇಲಿನ ಸೀಮೆಸುಣ್ಣದ ಗುರುತು ನೋಡಿದೆ. ಏಪ್ರಿಲ್ ಗೋಡೆಯ ಹತ್ತಿರ, ಜೂನ್ ಮಂಚದ ಹತ್ತಿರ, ಆಗಸ್ಟ್ ಕುರ್ಚಿಯ ಕಾಲಿಗೇ ತಾಗಿತ್ತು. ಬೀದಿಗೆ ಕೇಳುವಂತೆ ನಿಮ್ಮನ್ನು ಬೈದೆ. ಮೋಸಗಾರ ಎಂದೆ. ನನ್ನಿಂದ ಅಮ್ಮನನ್ನು ಕದ್ದಿರಿ ಎಂದೆ. ನಿಮಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಆದರೆ ನೀವು ಬಗ್ಗಿ ಆ ಗುರುತುಗಳನ್ನು ಅಂಗೈಯಿಂದ ಒರೆಸತೊಡಗಿದಿರಿ.

ಆ ಮೂರು ದಿನದಲ್ಲಿ ನಾನು ಹೇಳದೆ ಬಂದದ್ದು ಒಂದಿದೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಕೇಳಿಸುತ್ತಿದ್ದರೆ ನಾನು ಹೇಳುತ್ತಿರಲಿಲ್ಲ.

ಆಗಸ್ಟಿನ ಫೋಟೋದಲ್ಲಿ ಅಮ್ಮನ ಎಡಗೈಯ ಗಡಿಯಾರ ಕಾಣುತ್ತದೆ. ಡಾರ್ಕ್‌ರೂಮಿನಲ್ಲಿ ಸೆಕೆಂಡ್ ಎಣಿಸಲು ಕಟ್ಟುತ್ತಿದ್ದಳಲ್ಲ, ಅದು. ಸ್ವೆಟರಿನ ತೋಳು ಸರಿದಿತ್ತು. ಗಡಿಯಾರ ಮಣಿಕಟ್ಟಿನಲ್ಲಿ ಇರಲಿಲ್ಲ, ಮುಂಗೈ ದಾಟಿ ಮೊಣಕೈ ಕಡೆಗೆ ಜಾರಿತ್ತು, ಅದರ ಮುಖ ಕೆಳಗಾಗಿ ತೂಗುತ್ತಿತ್ತು. ಕೆನ್ನೆಯನ್ನು ಬೆಳಕು ತುಂಬಿತ್ತು. ಪಟ್ಟಿಯ ಸಡಿಲವನ್ನು ತುಂಬಲು ಯಾವ ಡಬ್ಬಕ್ಕೂ ಆಗುವುದಿಲ್ಲ.

ಅದನ್ನು ನಾನು ನೋಡಿದೆ ಅಪ್ಪಾ. ಭೂತಗನ್ನಡಿ ಬೇಕಾಗಲಿಲ್ಲ. ಕವರ್ ಒಡೆದ ಕೂಡಲೇ ನೋಡಿದೆ. ಆಮೇಲೆ ಡಬ್ಬ ಎಷ್ಟು ಹತ್ತಿರ ಇದ್ದಿರಬೇಕು ಎಂದೂ ಲೆಕ್ಕ ಹಾಕಿದೆ, ಅದು ನನ್ನ ದಿನನಿತ್ಯದ ಕೆಲಸ. ಆಗ ಇನ್ನೂ ಎಂಟು ವಾರ ಇತ್ತು ಪ್ರೊಬೇಷನ್ನು. ಕ್ಯಾಟಲಾಗ್ ಟೇಬಲ್ಲಿನ ಮೇಲೆ ಪೇಪರ್ ಕಟ್ಟರ್ ಇರುತ್ತದೆ. ಫೋಟೋವನ್ನು ಅದರ ಕೆಳಗಿಟ್ಟು ಎದೆಯ ಮಟ್ಟಕ್ಕೆ ಕತ್ತರಿಸಿದೆ. ಕೈಯಿದ್ದ ತುಂಡನ್ನು ಡ್ರಾಯರಿಗೆ ಹಾಕಿದೆ. ಮೇಲಿನದಕ್ಕೆ ಫ್ರೇಮ್ ಹಾಕಿಸಿದೆ. ಆಮೇಲೆ ನಿಮಗೆ "ಅಮ್ಮ ಚೆನ್ನಾಗಿದ್ದಾಳೆ" ಎಂದು ಬರೆದೆ.

ಆ ಫೋಟೋಗೆ ಟಚಿಂಗ್ ಮಾಡಿದ್ದು ನಾನು. ನನ್ನನ್ನು ಬೈದು ಒಂದು ಕಾಗದ ಹಾಕಿ. ಎರಡು ಸಲ ಓದಿಕೊಳ್ಳುತ್ತೇನೆ.

ಚೋಟು

*

ನವೆಂಬರ್ 12
(ಅಂಚೆಗೆ ಹಾಕಿದ್ದಲ್ಲ)

ಮಗಳೇ,

ಇನ್ನು ಮೇಲೆ ಯಾರಿಗೂ ಓದಿ ಹೇಳಬೇಕಾಗಿಲ್ಲ. ಏನು ಬೇಕಾದರೂ ಬರೆದು ಹಾಕಬಹುದು. ಆ ಸ್ವಾತಂತ್ರ್ಯ ಈಗ ಬಂತು.

ಗಡಿಯಾರ ನನಗೂ ಕಂಡಿತ್ತು. ಬಟನ್ ಒತ್ತುವ ಮೊದಲೇ ಕಂಡಿತ್ತು. ಅದಕ್ಕೇ ಅಲ್ಲವೇ ನೀನು ಆರದ ಬೆಳಕು ಕಳಿಸಿದ್ದು. "ತೋಳು ಕೆಳಗೆ ಎಳ್ಕೋ, ಗಡಿಯಾರ ಕಾಣ್ತಿದೆ" ಎಂದೆ. ಮೊದಲ ಮೂರು ಸಲ ಎಳೆದುಕೊಂಡಳು. ನಾಲ್ಕನೆಯ ಸಲಕ್ಕೆ ತಾನೇ ತೋಳು ಸರಿಸಿದಳು. ನಾನು ಬೇಡ ಎಂದು ಕೈ ಆಡಿಸಿದೆ. "ಇರ್ಲಿ ಬಿಡಿ. ಒತ್ತಿ" ಎಂದಳು. ಪ್ರಿಂಟ್ ಬಂದಾಗ ನಾಲ್ಕನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ಮೂರರಲ್ಲಿ ಯಾವುದನ್ನಾದರೂ ಕಳಿಸಬಹುದಿತ್ತು. ನಾಲ್ಕನೆಯದನ್ನು ಎತ್ತಿಕೊಟ್ಟಳು. "ಇದೇ ಕಳ್ಸಿ."

"ಅವಳು ನೋಡಿಬಿಡ್ತಾಳೆ ಕಣೇ" ಎಂದೆ.

"ನೋಡಿದ್ರೆ ನೋಡ್ಲಿ" ಎಂದಳು. ಗೋಡೆಯ ಕಡೆ ತಿರುಗಿಕೊಂಡಳು.

ಆಮೇಲೆ ದಿನಾ ಕೇಳುತ್ತಿದ್ದಳು, ಅಂಚೆ ಬಂತಾ ಎಂದು. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಕತ್ತು ಎತ್ತುತ್ತಿದ್ದಳು. ನನಗೆ ಸದ್ದು ಕೇಳುವುದಿಲ್ಲ, ಅವಳ ಕತ್ತು ನೋಡಿ ಆಟೋ ಬಂತೆಂದು ತಿಳಿಯುತ್ತಿತ್ತು. ನಿನ್ನ ಸೆಪ್ಟೆಂಬರಿನ ಕಾಗದ ಬಂದಾಗ ಓದಿದೆ. ಇನ್ನೊಂದು ಸಲ ಓದಿ ಎಂದಳು. ಓದಿದೆ. ಐದು ಸಾಲು, ಎಷ್ಟು ಹೊತ್ತು ಹಿಡಿಯುತ್ತದೆ. "ಆ ಡಬ್ಬ ಮಡಚಿಡ್ರೀ, ಓಡಾಡೋಕೆ ಅಡ್ಡ" ಎಂದಳು. ಮತ್ತೆ ಫೋಟೋದ ಮಾತು ಎತ್ತಲಿಲ್ಲ.

ಇದನ್ನು ನಿನಗೆ ಹೇಳಿದರೆ ನಿಜ ಹೇಳಿದ ಹಾಗಾಗುತ್ತದೆ. ಅಷ್ಟೇ. ಬೇರೆ ಯಾವ ಉಪಕಾರವೂ ಆಗುವುದಿಲ್ಲ.

*

ನವೆಂಬರ್ 12

ಚೋಟುಗೆ,

ನಿನ್ನ ಕಾಗದ ಎರಡು ಸಲ ಓದಿದೆ. ಬೈಯುವಂಥದ್ದು ಏನೂ ಸಿಗಲಿಲ್ಲ.

ಗಡಿಯಾರದ ವಿಷಯ ಕೇಳು. ಜುಲೈಯಲ್ಲಿ ಅದರ ಪಟ್ಟಿ ಕಿತ್ತುಹೋಯಿತು. ರಿಪೇರಿ ಅಂಗಡಿಯವನ ಹತ್ತಿರ ಹೆಂಗಸರ ಪಟ್ಟಿ ಇರಲಿಲ್ಲ, ನನ್ನ ಹಳೆಯ ಗಡಿಯಾರದ್ದನ್ನು ತೆಗೆದು ಹಾಕಿಕೊಟ್ಟ. ನನ್ನ ಮಣಿಕಟ್ಟಿನ ಅಳತೆಯದು ಅವಳ ಕೈಗೆ ಜಾರದೆ ಇನ್ನೇನಾಗುತ್ತದೆ? ಅವಳು ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಕಟ್ಟಿದ್ದರೂ ಜಾರುತ್ತಿತ್ತು. ಅದು ಫೋಟೋದಲ್ಲಿ ಬಿದ್ದದ್ದನ್ನು ನಾನೂ ಗಮನಿಸಲಿಲ್ಲ, ಅವಳೂ ಗಮನಿಸಲಿಲ್ಲ. ನೀನು ನೋಡಿದ್ದು ನನ್ನ ಪಟ್ಟಿಯನ್ನು. ಆಗಸ್ಟಿನಲ್ಲಿ ಅವಳು ಅಷ್ಟೇನೂ ಇಳಿದಿರಲಿಲ್ಲ. ಇಳಿದದ್ದೆಲ್ಲ ಕೊನೆಯ ಎರಡು ವಾರದಲ್ಲಿ.

ನಿನ್ನ ಸೆಪ್ಟೆಂಬರಿನ ಕಾಗದ ಓದಿ ಹೇಳಿದಾಗ ನಕ್ಕಳು. "ನೋಡಿದ್ರಾ, ಗೆದ್ದೆ" ಎಂದಳು. ಆ ದಿನ ಎರಡು ತುತ್ತು ಹೆಚ್ಚು ತಿಂದಳು. ಕಾಯುತ್ತಿದ್ದಳೇ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಕಾಯುತ್ತಿರಲಿಲ್ಲ.

ಇನ್ನು ಫೋಟೋ ಕತ್ತರಿಸಿದ್ದು. ಮಗಳೆಂದು ಅಲ್ಲ, ಕಸುಬಿನವನಾಗಿ ಹೇಳುತ್ತಿದ್ದೇನೆ. ಸೊಂಟದವರೆಗಿನ ಫೋಟೋ ಯಾವತ್ತೂ ಪೇಲವ, ನೋಡುವವರ ಕಣ್ಣು ಮುಖ ಬಿಟ್ಟು ಕೈಗೆ ಹೋಗುತ್ತದೆ. ಆ ಕೈ ಅಲ್ಲಿ ಬೇಕಿರಲಿಲ್ಲ. ನಾನಾಗಿದ್ದರೂ ಅಲ್ಲೇ ಕತ್ತರಿಸುತ್ತಿದ್ದೆ.

ಅಪ್ಪ